ನಿನ್ನ ಚೀಲದಿಂದ ನಾನು ತೆಗೆದ ಪುಸ್ತಕ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿಯ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಯಾರು ಏನೆಂದರು, ಯಾರ ದನಿ ಮೊದಲು ಏರಿತು ಎಂಬುದು ಇಬ್ಬರಿಗೂ ಗೊತ್ತಿದೆ. ನೀನಿಲ್ಲದಾಗ ನಿನ್ನ ಚೀಲವನ್ನು ಬಿಚ್ಚಿ, ನೀನು ಆರಿಸಿಟ್ಟಿದ್ದ ಒಂದೇ ಒಂದು ಪುಸ್ತಕವನ್ನು ಹೊರತೆಗೆದು, ಅದರ ಜಾಗದಲ್ಲಿ ನನಗೆ ಸರಿಕಂಡ 7 ಪುಸ್ತಕಗಳನ್ನು ಜೋಡಿಸಿದ್ದು ನನ್ನ ತಪ್ಪು. ಆ ಏಳನ್ನೂ ನೀನು ಒಂದೊಂದಾಗಿ ಮೇಜಿನ ಮೇಲಿಟ್ಟು, ಈ ರಜೆಯಲ್ಲಿ ಏನನ್ನೂ ಓದುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಮಲಗಲು ಹೋದೆ. ಬೆಳಿಗ್ಗೆ ಬಾಗಿಲ ಬಳಿ ನಿಂತು ಮಾತು ತೆಗೆದರೆ ಅದು ಇನ್ನೆಲ್ಲಿಗೋ ಹೋಗಿ ಮುಟ್ಟುತ್ತದೆ ಎಂಬ ಭಯಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ತೂಕದ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ನೀನು ಮಲಗಿದ ಮೇಲೆ ಲೆಕ್ಕ ಹಾಕಿದೆ. ಡೆಮಿ 1/8 ಎಂಬ ಸಾಮಾನ್ಯ ಪುಸ್ತಕದ ಆಕಾರದಲ್ಲಿ, ಚದರ ಮೀಟರಿಗೆ 70 ಗ್ರಾಂ ತೂಗುವ 70 ಜಿಎಸ್‌ಎಂ ಕಾಗದದ ಮೇಲೆ ಅಚ್ಚಾದ 300 ಪುಟಗಳ ಪುಸ್ತಕವು ರಕ್ಷಾಪುಟ ಸೇರಿ ಸುಮಾರು 350 ಗ್ರಾಂ ತೂಗುತ್ತದೆ. ಅಂಥ ಏಳೆಂದರೆ ಎರಡೂವರೆ ಕಿಲೋ. ಒಂದು ಪುಟಕ್ಕೆ 2 ನಿಮಿಷವೆಂದು ಹಿಡಿದರೂ 2,100 ಪುಟಗಳಿಗೆ 70 ಗಂಟೆ ಬೇಕು. 19 ದಿನಗಳ ರಜೆಗೆ ಹಂಚಿದರೆ ದಿನಕ್ಕೆ ಮೂರೂವರೆ ಗಂಟೆಗೂ ಹೆಚ್ಚು. ಗೆಳತಿಯರ ಜೊತೆ ಹೊರಟವಳಿಗೆ ಅದು ರಜೆಯಲ್ಲ, ಶಿಕ್ಷೆ. 22 ವರ್ಷಗಳಿಂದ ಕರಡು ತಿದ್ದಿ, ಕಾಗದ, ಪುಟ, ಫಾರಂಗಳ ಲೆಕ್ಕದಲ್ಲೇ ಬದುಕಿದ ನನಗೆ ಇಷ್ಟು ಸರಳವಾದ ಗುಣಾಕಾರವು ಚೀಲ ತುಂಬುವಾಗ ಹೊಳೆಯಲಿಲ್ಲ.

ನಾನು ಹೇಳಬೇಕೆಂದಿರುವುದು ಆ ಏಳು ಪುಸ್ತಕಗಳ ವಿಷಯವನ್ನಲ್ಲ. ನಿನಗೆ 11 ವರ್ಷವಾಗಿದ್ದಾಗಿನ ರಜೆಯಲ್ಲಿ ನಾನು ಕೊಟ್ಟ ಆ ದಪ್ಪ ಪುಸ್ತಕ ನಿನಗೆ ನೆನಪಿದೆಯೆಂದು ಬಲ್ಲೆ, ಏಕೆಂದರೆ ನಿನ್ನೆಯೂ ನಿನ್ನ ಕಣ್ಣು ಒಮ್ಮೆ ಅದು ಇರುವ ಕಪಾಟಿನ ಕಡೆ ಹೋಯಿತು. ದಿನಕ್ಕೆ 25 ಪುಟವೆಂದು ಗೊತ್ತುಮಾಡಿ, ಪ್ರತಿ ಇಪ್ಪತ್ತೈದನೆಯ ಪುಟದ ಅಂಚಿನಲ್ಲಿ ಸೀಸದಕಡ್ಡಿಯಿಂದ ತಾರೀಖು ಬರೆದುಕೊಟ್ಟಿದ್ದೆ. ಎಂಟನೆಯ ದಿನ ಸಂಜೆ ನಿನ್ನ ಗುರುತುಪಟ್ಟಿ ಸರಿಯಾಗಿ 200ನೆಯ ಪುಟದಲ್ಲಿತ್ತು. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂದೆ. ಅಭ್ಯಾಸಬಲದಿಂದ ಪುಟ ತಿರುವಿದಾಗ 118 ಮತ್ತು 119ನೆಯ ಪುಟಗಳು ತೆರೆದುಕೊಳ್ಳಲಿಲ್ಲ. ದೊಡ್ಡ ಹಾಳೆಯ ಒಂದೊಂದು ಮಗ್ಗುಲಿಗೆ 8ರಂತೆ 16 ಪುಟ ಅಚ್ಚುಮಾಡಿ, ಮೂರು ಸಲ ಮಡಚಿ, ಹೊಲಿದ ಮೇಲೆ ಅಂಚು ಕತ್ತರಿಸುತ್ತಾರೆ. ಕತ್ತಿ ಕೂದಲೆಳೆಯಷ್ಟು ಆಚೀಚೆಯಾದರೂ ಪುಟದ ಮೇಲಂಚಿನ ಮಡಿಕೆ ಹಾಗೆಯೇ ಉಳಿಯುತ್ತದೆ. ಆ ಪುಟಗಳನ್ನು ಬಿಡಿಸದೆ ಯಾರೂ ಓದಲಾರರು. ಮನೆಯಲ್ಲಿ ಆಗ ನಾಲ್ಕಾರು ಜನ ನೆಂಟರಿದ್ದರು. ನಾನು ಪುಸ್ತಕವನ್ನು ಎತ್ತಿಹಿಡಿದು, "ನೋಡಿ, ನಮ್ಮವಳು ಮುಚ್ಚಿದ ಪುಟಗಳನ್ನೂ ಓದಬಲ್ಲಳು" ಎಂದೆ. ಎಲ್ಲರೂ ನಕ್ಕರು. ನೀನೂ ನಗಲು ನೋಡಿದೆ, ಆಗಲಿಲ್ಲ.

ಆಮೇಲೆ 2 ವರ್ಷ ನೀನು ನನ್ನ ಎದುರಿಗೆ ಒಂದೂ ಪುಸ್ತಕ ತೆರೆಯಲಿಲ್ಲ. ಇದೂ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದಿರುವುದು ಇನ್ನೊಂದಿದೆ. ಮೂರು ವರ್ಷದ ಹಿಂದೆ ಕಪಾಟು ಒರೆಸುವಾಗ ಅದೇ ಪುಸ್ತಕ ಕೈಗೆ ಬಂತು. ಮೊದಲ ಹಾಳೆಗಳ ಕೆಳಮೂಲೆಗಳು ಹೆಬ್ಬೆರಳು ತಗುಲಿ ಮೆತ್ತಗಾಗಿದ್ದವು, ಒಂದೆಡೆ ಎಣ್ಣೆಯ ಗುರುತೂ ಇತ್ತು. ಅಂದರೆ ನೀನು ಓದಿದ್ದೆ. 61ನೆಯ ಪುಟವಿರುವ ಹಾಳೆಯವರೆಗೆ ಹಾಗೆ, ಅಲ್ಲಿಂದ ಮುಂದೆ ಕಾಗದ ಅಂಗಡಿಯಿಂದ ತಂದಷ್ಟೇ ಗರಿಗರಿ. ಆ ಹಾಳೆಯ ಹಿಂಬದಿಯಲ್ಲಿ, 62ನೆಯ ಪುಟದಲ್ಲಿ, ಕಥೆಯ ಹುಡುಗಿಯನ್ನು ಅವಳ ತಾಯಿ ದೂರದವರ ಮನೆಯಲ್ಲಿ ಬಿಟ್ಟು ಹೊರಟುಹೋಗುತ್ತಾಳೆ. ಆ ದಿನಗಳಲ್ಲಿ ನಾನು ಕೆಲಸದ ಮೇಲೆ ವಾರಗಟ್ಟಲೆ ಹೊರಗಿರುತ್ತಿದ್ದೆ. ಆ ಪುಟ ಓದಿ ನಿನಗೆ ಹೆದರಿಕೆಯಾಯಿತೋ, ಬರೀ ಬೇಸರ ಬಂದು ಕೆಳಗಿಟ್ಟೆಯೋ, ನಾನು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಸುಳ್ಳನ್ನು ಹಿಡಿಯುವ ಆತುರದಲ್ಲಿ ನೀನು ಎಲ್ಲಿ ನಿಂತೆ ಎಂದು ನೋಡುವ ಬುದ್ಧಿ ನನಗಿರಲಿಲ್ಲ. ಪರರ ಬರಹದಲ್ಲಿ ಬಿಟ್ಟುಹೋದ ಒಂದು ಅನುಸ್ವಾರವನ್ನು ಹುಡುಕಿ ತೆಗೆಯುವ ಕಣ್ಣಿಗೆ ಆ ಮೆತ್ತಗಿನ ಹಾಳೆಗಳು ಕಾಣಲು 5 ವರ್ಷ ಬೇಕಾಯಿತು.

ಇಷ್ಟಾದರೂ ನಿನ್ನೆ ಮತ್ತೆ ನಿನ್ನ ಚೀಲಕ್ಕೆ ಕೈ ಹಾಕಿದೆನಲ್ಲ, ಏಕೆ ಎಂದು ರಾತ್ರಿಯೆಲ್ಲ ಯೋಚಿಸಿದೆ. ನನ್ನಿಂದಾಗಿ ನಿನಗೆ ಓದು ಶಾಶ್ವತವಾಗಿ ಕಹಿಯಾಗಿಬಿಟ್ಟಿರಬಹುದು ಎಂಬ ಭಯ ನನಗೆ ಹೋಗಿಲ್ಲ. ಭಯಪಟ್ಟವರು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ನಿನಗೆ 13 ದಾಟಿದ ಮೇಲೆ ನಿನ್ನ ದಿಂಬಿನ ಕೆಳಗೆ ಗ್ರಂಥಾಲಯದ ಪುಸ್ತಕಗಳು ಕಾಣತೊಡಗಿದ್ದವು. ನನಗೆ ಹೇಳದೆ ಸದಸ್ಯಳಾಗಿ, ನನ್ನನ್ನು ಕೇಳದೆ ಆರಿಸಿ ಓದುತ್ತಿದ್ದ ನಿನ್ನನ್ನು ಕಂಡು ಎಷ್ಟು ಹೆಮ್ಮೆಯಾಯಿತೆಂದರೆ, ಅದನ್ನು ಹೇಳಿದರೆ ನೀನು ನಿಲ್ಲಿಸಿಬಿಡುವೆಯೇನೋ ಎಂದು ಬಾಯಿ ಬಿಗಿಹಿಡಿದೆ. ಹೇಳಬೇಕಿತ್ತು.

ಸಲಹೆ ಕೊಡಬಾರದೆಂದುಕೊಂಡೇ ಈ ಪತ್ರ ಶುರುಮಾಡಿದ್ದೆ. ಆದರೂ ನನ್ನ ಕಸುಬಿನಿಂದ ಕಲಿತ ಒಂದೆರಡು ಮಾತುಗಳಿವೆ, ಬೇಕಿದ್ದರೆ ಇಟ್ಟುಕೋ. ದಾರಿಯಲ್ಲಿ ಎಲ್ಲಿಯಾದರೂ ಪುಸ್ತಕ ಕೊಳ್ಳುವ ಮನಸ್ಸಾದರೆ ಬೆನ್ನುಪುಟದ ಹೊಗಳಿಕೆಯನ್ನು ನಂಬಬೇಡ. ಅಂಥವನ್ನು ನಾನೇ ಬರೆದುಕೊಟ್ಟಿದ್ದೇನೆ, ಕೆಲವು ಸಲ ಪುಸ್ತಕವನ್ನು ಪೂರ್ತಿ ಓದದೆಯೇ. 200ನೆಯ ಪುಟಕ್ಕೆ ಗುರುತುಪಟ್ಟಿ ಸರಿಸಿದ ಮಗಳನ್ನು ನಗೆಪಾಟಲು ಮಾಡಿದವಳು ಇವಳೇ ಎಂದು ಈಗ ನೀನು ನಗಬಹುದು. ಮೊದಲ ಪುಟವನ್ನೂ ಅಷ್ಟಾಗಿ ನೆಚ್ಚಬೇಡ, ಏಕೆಂದರೆ ಲೇಖಕರೂ ಸಂಪಾದಕರೂ ಅತಿ ಹೆಚ್ಚು ಸಲ ತಿದ್ದುವುದು ಅದನ್ನೇ. ನಡುವೆ ಎಲ್ಲಿಯಾದರೂ ತೆರೆದು, ತುಟಿಯಲ್ಲೇ ಹೇಳಿಕೊಳ್ಳುತ್ತಾ ಎರಡು ಪುಟ ಓದು. ಉಸಿರು ಎಡವದಿದ್ದರೆ, ಮೂರನೆಯ ಪುಟಕ್ಕೆ ಕೈ ತಾನಾಗಿ ಹೋದರೆ, ಅಷ್ಟು ಸಾಕು. ಅನುವಾದವಾಗಿದ್ದರೆ ಅನುವಾದಕರ ಹೆಸರಿದೆಯೇ, ಯಾವ ಭಾಷೆಯಿಂದ ನೇರವಾಗಿ ಬಂದಿದೆ ಎಂಬುದನ್ನು ಮುದ್ರಣ ವಿವರದ ಪುಟದಲ್ಲಿ ನೋಡು. ಅದೇ ಪುಟದಲ್ಲಿ ಮುದ್ರಣಕ್ಕೂ ಆವೃತ್ತಿಗೂ ಇರುವ ಭೇದವನ್ನು ಗಮನಿಸು: ಹತ್ತನೆಯ ಮುದ್ರಣವೆಂದರೆ ಅದನ್ನೇ ಮತ್ತೆ ಅಚ್ಚುಹಾಕಿದ್ದಾರೆಂದರ್ಥ, ಪರಿಷ್ಕೃತ ಆವೃತ್ತಿಯೆಂದರೆ ಒಳಗೆ ಏನಾದರೂ ಬದಲಾಗಿರಬೇಕು. ಹಳೆಯ ಕಾದಂಬರಿಗಳ ಮುನ್ನುಡಿಯನ್ನು ಕೊನೆಗಿಟ್ಟುಕೋ. ವಿದ್ವಾಂಸರಿಗೆ ಕಥೆಯ ಗುಟ್ಟನ್ನು ಮೊದಲೇ ಬಿಟ್ಟುಕೊಡುವುದರಲ್ಲಿ ಯಾವ ಸಂಕೋಚವೂ ಇಲ್ಲ.

ರಜೆಯ ಓದಿನ ಗತಿಯೇ ಬೇರೆ. ಯಾರೋ ಕರೆಯುತ್ತಾರೆ, ಯಾವುದೋ ನಿಲ್ದಾಣ ಬರುತ್ತದೆ, ಪುಸ್ತಕ ಮಡಿಲಲ್ಲೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಕುಳಿತು ಮುಗಿಸುವ ದೀರ್ಘವಾದದ್ದೊಂದನ್ನೂ, ಕಡಿದು ಕಡಿದು ಓದಬಹುದಾದ ಸಣ್ಣಕಥೆಗಳನ್ನೋ ಪ್ರಬಂಧಗಳನ್ನೋ ಜೊತೆಯಾಗಿ ಒಯ್ಯುವುದು ವಾಸಿ. ಇನ್ನು 40 ಪುಟ ಮಾತ್ರ ಉಳಿದಿರುವ ಪುಸ್ತಕವೊಂದನ್ನೇ ನಂಬಿ ದೂರ ಹೊರಡಬೇಡ. ಕವಿತೆಯ ತೆಳ್ಳನೆಯ ಸಂಕಲನ ಚೀಲದಲ್ಲಿ ಜಾಗವನ್ನೇ ಕೇಳುವುದಿಲ್ಲ, ಮುಗಿದೂ ಹೋಗುವುದಿಲ್ಲ. ಹೊಲಿಗೆಯಿಲ್ಲದೆ ಬರೀ ಅಂಟಿನಿಂದ ಕಟ್ಟಿದ ಪುಸ್ತಕವನ್ನು ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಟ್ಟರೆ ಅಂಟು ಮೆತ್ತಗಾಗಿ ಹಾಳೆಗಳು ಕಳಚುತ್ತವೆ. ಬೇಡವೆನಿಸಿದರೆ ನಿನ್ನ ಇ-ರೀಡರನ್ನೇ ಒಯ್ಯಿ; ಇ-ಇಂಕ್ ಪರದೆಗೆ ಪುಟ ತಿರುಗುವಾಗ ಮಾತ್ರ ವಿದ್ಯುತ್ತು ಬೇಕಾಗುವುದರಿಂದ ಚಾರ್ಜು ದಿನಗಟ್ಟಲೆ ಬರುತ್ತದೆ, ಬಿಸಿಲಿನಲ್ಲೂ ಅಕ್ಷರ ಕಾಣುತ್ತದೆ. ಫೋನಿನಲ್ಲಿ ಓದುತ್ತೇನೆ ಎನ್ನಬೇಡ. ಅದರಲ್ಲಿ ನೀನು ಏನು ಓದುತ್ತೀಯೆಂದು ನನಗೆ ಗೊತ್ತು. ನೋಡು, ಉಪನ್ಯಾಸ ಶುರುವಾಯಿತು.

ಹಿಡಿಸದ ಪುಸ್ತಕವನ್ನು ಕೆಳಗಿಡುವ ಹಕ್ಕನ್ನು ಮಾತ್ರ ಬಿಟ್ಟುಕೊಡಬೇಡ. ಫ್ರೆಂಚ್ ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಬರೆದಾಗ, ಓದದಿರುವುದನ್ನು ಮೊದಲನೆಯದಾಗಿಯೂ, ಪುಟ ಹಾರಿಸುವುದನ್ನು ಎರಡನೆಯದಾಗಿಯೂ, ಮುಗಿಸದಿರುವುದನ್ನು ಮೂರನೆಯದಾಗಿಯೂ ಇಟ್ಟರು. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಇನ್ನೂ ಲೆಕ್ಕಾಚಾರದವರು: ಯಾವ ಪುಸ್ತಕಕ್ಕೂ 50 ಪುಟಗಳ ಅವಕಾಶ ಕೊಡಿ, ನಿಮಗೆ 50 ವರ್ಷ ದಾಟಿದ್ದರೆ ನೂರರಿಂದ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಸಾಕು ಎನ್ನುತ್ತಾರೆ. ಆ ಪ್ರಕಾರ 52ರ ನಾನು 48 ಪುಟ ಓದಿದರೆ ಸಾಕು. 11 ವರ್ಷದ ನೀನು 61 ಪುಟ ಓದಿದ್ದೆ. ಯಾವ ಲೆಕ್ಕದಲ್ಲಿ ನೋಡಿದರೂ ನಿನ್ನ ಪಾಲಿನದನ್ನು ಮುಗಿಸಿಯೇ ಕೆಳಗಿಟ್ಟಿದ್ದೆ. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ನಿಯಮಗಳಲ್ಲಿ ಎರಡನೆಯದು, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಎಂಬುದು. ನಾನು ಅದನ್ನು ಎಷ್ಟೋ ಕರಡುಗಳಲ್ಲಿ ತಿದ್ದಿದ್ದೇನೆ. "ಅವನ" ಎಂಬುದು "ಅವನ ತಾಯಿಯ" ಎಂದು ಎಲ್ಲಿಯೂ ಇರಲಿಲ್ಲ.

ಆ ಏಳು ಪುಸ್ತಕಗಳನ್ನು ಮತ್ತೆ ಕಪಾಟಿನಲ್ಲಿಟ್ಟಿದ್ದೇನೆ. ನಿನ್ನ ಚೀಲದಿಂದ ತೆಗೆದಿದ್ದ ಪತ್ತೇದಾರಿ ಕಾದಂಬರಿಯನ್ನು ಮೇಲಿನ ಜೇಬಿನಲ್ಲಿ ವಾಪಸು ಇಟ್ಟಿದ್ದೇನೆ, ಈ ಪತ್ರ ಅದರೊಳಗಿದೆ. ಕಸ ಎಂದು ನಿನ್ನೆ ನಾನು ಕರೆದದ್ದು ಅದನ್ನು ತೆರೆದೂ ನೋಡದೆ. ರಾತ್ರಿ ನಿದ್ದೆ ಬಾರದೆ, 48 ಪುಟ ಓದಿ ನೋಡೋಣವೆಂದು ಕುಳಿತವಳು 90ಕ್ಕೆ ಹೋಗಿ ನಿಂತೆ. ತೋಟದ ಮಾಲಿಯ ಮೇಲೆ ನನಗೆ ಅನುಮಾನವಿದೆ. ನೀನು ಮುಗಿಸಿದ ಮೇಲೆ ಅವನೇ ಹೌದೋ ಅಲ್ಲವೋ ಎಂದಷ್ಟೇ ತಿಳಿಸು, ಹೇಗೆ ಎಂದು ಹೇಳಬೇಡ, ಉಳಿದದ್ದನ್ನು ನೀನು ಬಂದ ಮೇಲೆ ಇಸಿದುಕೊಂಡು ಓದುತ್ತೇನೆ. 37ನೆಯ ಪುಟದ ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ. ಸೀಸದಕಡ್ಡಿ ಕೈಯಲ್ಲೇ ಇತ್ತು, ತಿದ್ದಲಿಲ್ಲ.

ಇಂತು,
ನಿನ್ನ ಅಮ್ಮ