ಸೋಮವಾರ ಎಲಿಫೆಂಟಾ ಮುಚ್ಚಿರುತ್ತದೆ: ‘ಚಳಿಗಾಲದ ಮುಂಬೈ ದರ್ಶನ’ ಪ್ಯಾಕೇಜ್ ಕುರಿತು ದೂರು

ಡೊಂಬಿವಲಿ
ದಿನಾಂಕ: 22-12-2025

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ತಮ್ಮ ಪ್ರವಾಸ ಸಂಸ್ಥೆ, ದಾದರ್, ಮುಂಬೈ

ವಿಷಯ: ಡಿಸೆಂಬರ್ 13ರಿಂದ 15ರವರೆಗಿನ ದಂಪತಿ ಪ್ಯಾಕೇಜ್‌ನಲ್ಲಿ (ಎರಡು ರಾತ್ರಿ, ಮೂರು ಹಗಲು) ಆದ ಸೇವಾಲೋಪ ಮತ್ತು ₹10,950 ಮರುಪಾವತಿ ಕುರಿತು.

ಮಾನ್ಯರೇ,

ಧಾರವಾಡದಿಂದ ಬಂದ ನಮ್ಮ ಅಕ್ಕ-ಭಾವ ಅವರಿಗಾಗಿ ಮೇಲಿನ ಪ್ಯಾಕೇಜನ್ನು ₹23,600 ಪೂರ್ತಿ ಮುಂಗಡ ಕೊಟ್ಟು ಬುಕ್ ಮಾಡಲಾಗಿತ್ತು. ಪ್ರವಾಸ ಮುಗಿದ ಮೇಲೆ ಫೋನಿನಲ್ಲಿ ಹೇಳಿದ ತಕರಾರಿಗೆ ಡಿಸೆಂಬರ್ 17ರಂದು ನಿಮ್ಮ ಕಚೇರಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಉತ್ತರ: ‘ಅನಿರೀಕ್ಷಿತ ಕಾರಣಗಳಿಂದ ಆದ ಬದಲಾವಣೆಗೆ ಸಂಸ್ಥೆ ಹೊಣೆಯಲ್ಲ.’ ಈ ಉತ್ತರವನ್ನು ಒಪ್ಪಲು ಸಾಧ್ಯವಿಲ್ಲ. ಮೂರು ದಿನಗಳಲ್ಲಿ ತಪ್ಪಿದ್ದೆಲ್ಲವೂ ನೀವು ಬ್ರೋಷರ್ ಅಚ್ಚು ಹಾಕಿಸಿದ ದಿನವೇ ನಿಮಗೆ ಗೊತ್ತಿರಬೇಕಾಗಿದ್ದ ಸಂಗತಿಗಳು.

ಮೊದಲು ಎಲಿಫೆಂಟಾ, ಅಂದರೆ ಮುಂಬೈ ಬಂದರಿನ ದ್ವೀಪವೊಂದರಲ್ಲಿರುವ ಗುಹಾಲಯಗಳು. ತ್ರಿಮೂರ್ತಿ ಎಂದು ಜನ ಕರೆಯುವ ಸದಾಶಿವನ ಚಿತ್ರವನ್ನೇ ಬ್ರೋಷರ್‌ನ ಮುಖಪುಟಕ್ಕೆ ಹಾಕಿ, ನೋಡುವ ದಿನವನ್ನು ಮಾತ್ರ ಸೋಮವಾರ ಎಂದು ಬರೆದಿದ್ದೀರಿ. ಈ ಗುಹೆಗಳಿಗೆ ಸೋಮವಾರ ವಾರದ ರಜೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇದನ್ನು ಗುಟ್ಟಾಗಿ ಇಟ್ಟಿಲ್ಲ. ಗೇಟ್‌ವೇ ಆಫ್ ಇಂಡಿಯಾ ಬಳಿ ದ್ವೀಪಕ್ಕೆ ಹೋಗುವ ಲಾಂಚ್ (ಯಂತ್ರದೋಣಿ) ಟಿಕೆಟ್ ಮಾರುವವರನ್ನು ಕೇಳಿದರೂ ಹೇಳುತ್ತಾರೆ. ಅಂದು ನಿಮ್ಮ ಚಾಲಕ ಇಬ್ಬರನ್ನೂ ಗೇಟ್‌ವೇಯಿಂದ ಬಂದರಿನಲ್ಲೊಂದು ಸುತ್ತು ಹಾಕಿ ವಾಪಸಾಗುವ ದೋಣಿಗೆ ಹತ್ತಿಸಿ, ‘ಅದಕ್ಕೆ ಇದು ಬದಲಿ’ ಎಂದರು. ಅರ್ಧ ಗಂಟೆ ನೀರಿನ ಮೇಲೆ ತಿರುಗಿ ಬರುವುದು ಎಲಿಫೆಂಟಾಕ್ಕೆ ಬದಲಿ ಹೇಗಾದೀತು?

ಎಲಿಫೆಂಟಾಕ್ಕೆ ಅರ್ಧ ದಿನವಾದರೂ ಬೇಕೇ ಬೇಕು. ಲಾಂಚ್ ಪ್ರಯಾಣ ಹೋಗಲು ಸುಮಾರು ಒಂದು ಗಂಟೆ, ಬರಲು ಮತ್ತೊಂದು ಗಂಟೆ. ಜೆಟ್ಟಿಯಿಂದ ಮೆಟ್ಟಿಲುಗಳ ಬುಡದವರೆಗೆ ನಡಿಗೆ ಅಥವಾ ಪುಟಾಣಿ ರೈಲು, ಅಲ್ಲಿಂದ ಅಂಗಡಿ ಸಾಲಿನ ನಡುವೆ ನೂರಿಪ್ಪತ್ತರಷ್ಟು ಮೆಟ್ಟಿಲು. ಬಿಸಿಲು ಏರುವ ಮುನ್ನ, ಒಂಬತ್ತರ ಸುಮಾರಿನ ಲಾಂಚ್ ಹಿಡಿದರೆ ಹತ್ತುವುದು ಅಷ್ಟು ಕಷ್ಟವಾಗದು. ನಸುಕಿನಲ್ಲೇ ದಾದರ್‌ನಲ್ಲಿ ಇಳಿದ ದಂಪತಿಗೆ ಶನಿವಾರವೇ ಇದು ತಕ್ಕ ಕಾರ್ಯಕ್ರಮವಾಗಿತ್ತು: ಹೋಟೆಲಿನಲ್ಲಿ ಬ್ಯಾಗು ಇಟ್ಟು, ತಿಂಡಿ ಮುಗಿಸಿ, ನೇರ ಗೇಟ್‌ವೇ. ಕಾಲಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ ಸೋಮವಾರವೂ ತೆರೆದಿರುತ್ತದೆ. ಅದನ್ನು ಕೊನೆಯ ದಿನಕ್ಕೆ ಇಡಬಹುದಿತ್ತು. ಕಾನ್ಹೇರಿ ಗುಹೆಗಳಿರುವ ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೂ ಸೋಮವಾರವೇ ರಜೆಯಾದ್ದರಿಂದ ಅದನ್ನು ಭಾನುವಾರ ಇಟ್ಟದ್ದು ಸರಿ. ನಿಮ್ಮ ಪಟ್ಟಿಯಲ್ಲಿ ಸರಿಯಾಗಿ ಕೂತಿದ್ದು ಅದೊಂದೇ.

ಆದರೆ ಶನಿವಾರ ಲಾಂಚ್ ಹಿಡಿಯಲು ಹೋಟೆಲು ನೀವು ಬರೆದ ಜಾಗದಲ್ಲಿ ಇರಬೇಕಿತ್ತು. ಬ್ರೋಷರ್‌ನಲ್ಲಿ ಎರಡು ದರ ಇವೆ: ಉಪನಗರದ ಹೋಟೆಲು ಮತ್ತು ದಕ್ಷಿಣ ಮುಂಬೈಯ ಹೋಟೆಲು, ರಾತ್ರಿಗೆ ₹2,100 ವ್ಯತ್ಯಾಸ. ಹೆಚ್ಚಿನ ದರ ಪಡೆದು ಕೊಟ್ಟ ಕೋಣೆ ಇದ್ದದ್ದು ಅಂಧೇರಿ ಪೂರ್ವದ ಮರೋಳದಲ್ಲಿ. ಗೇಟ್‌ವೇಗೆ ಅಲ್ಲಿಂದ ಸುಮಾರು 25 ಕಿಲೋಮೀಟರ್. ‘ವಿಮಾನ ನಿಲ್ದಾಣಕ್ಕೆ ಹತ್ತಿರ’ ಎಂದು ನಿಮ್ಮವರು ಸಮಾಧಾನ ಹೇಳಿದರಂತೆ. ರೈಲಿನಲ್ಲಿ ಬಂದವರಿಗೆ ಅದರಿಂದೇನು? ‘ತಲುಪಿದ ಕೂಡಲೇ ಕೋಣೆ’ ಎಂದಿದ್ದರೂ ಮಧ್ಯಾಹ್ನ ಎರಡರವರೆಗೆ ಲಾಬಿಯಲ್ಲಿ ಕೂರಿಸಿದರು. ಬೆಳಿಗ್ಗೆಯೇ ಕೋಣೆ ಸಿಗಬೇಕಾದರೆ ಹಿಂದಿನ ರಾತ್ರಿಯಿಂದ ಕಾಯ್ದಿರಿಸಬೇಕು, ಇಲ್ಲವೇ ಬೇಗ ಬರುವವರೆಂದು ಹೋಟೆಲಿನಿಂದ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಎರಡೂ ಆಗಿಲ್ಲವೆಂದು ಹೋಟೆಲಿನ ರಿಸೆಪ್ಷನ್‌ನವರೇ ಹೇಳಿದ್ದಾರೆ.

ಎರಡೂವರೆಗೆ ಮರೋಳ ಬಿಟ್ಟ ಕಾರು ಶನಿವಾರದ ಟ್ರಾಫಿಕ್‌ನಲ್ಲಿ ಸಿಕ್ಕಿ, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ರೈಲು ನಿಲ್ದಾಣದ ಕಟ್ಟಡವನ್ನು ಕಿಟಕಿಯಿಂದಲೇ ತೋರಿಸಿ, ಮರೀನ್ ಡ್ರೈವ್ ಮುಟ್ಟುವಾಗ ಆರೂವರೆ ದಾಟಿತ್ತು. ಬ್ರೋಷರ್‌ನಲ್ಲಿ ಆ ಹೊತ್ತಿಗೆ ಬರೆದಿರುವುದು ‘ಸೂರ್ಯಾಸ್ತ’. ಡಿಸೆಂಬರ್ ನಡುವಿನಲ್ಲಿ ಮುಂಬೈಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸು. ಮರೀನ್ ಡ್ರೈವ್‌ನ ಸೂರ್ಯಾಸ್ತಕ್ಕೆ ಚಳಿಗಾಲವೇ ಹೇಳಿ ಮಾಡಿಸಿದ ಕಾಲ: ಜೂನ್‌ನಲ್ಲಿ ಕಟ್ಟೆಯ ನಡುಭಾಗದಲ್ಲಿ ಕೂತವರಿಗೆ ಸೂರ್ಯ ಮಲಬಾರ್ ಹಿಲ್ ಹಿಂದೆ ಮರೆಯಾದರೆ, ಡಿಸೆಂಬರ್‌ನಲ್ಲಿ ನೈಋತ್ಯಕ್ಕೆ ಸರಿದು ನೇರ ಸಮುದ್ರಕ್ಕೇ ಇಳಿಯುತ್ತಾನೆ. ಐದೂವರೆಗೆ ಅಲ್ಲಿರಬೇಕು. ಮರೋಳ ನಾಕಾದಿಂದ ಮೆಟ್ರೊ 3 ಹಿಡಿದಿದ್ದರೆ ಒಂದು ಗಂಟೆಯೊಳಗೆ, ಮರೀನ್ ಡ್ರೈವ್‌ಗೆ ನಡೆದೇ ಹೋಗಬಹುದಾದ ಹುತಾತ್ಮಾ ಚೌಕ ಸಿಗುತ್ತಿತ್ತು. ಈ ಮಾರ್ಗ ಅಕ್ಟೋಬರ್‌ನಲ್ಲೇ ಕಫ್ ಪರೇಡ್‌ವರೆಗೆ ತೆರೆದಿದೆ. ಜೊತೆಗೆ ಗೈಡ್ ಇದ್ದಿದ್ದರೆ ಇದನ್ನು ಹೇಳುತ್ತಿದ್ದರು.

ಗೈಡ್ ಇರಲಿಲ್ಲ. ‘ಕನ್ನಡ ಮಾತನಾಡುವ ಮಾರ್ಗದರ್ಶಿ’ ಎಂದು ದಿನಕ್ಕೆ ₹1,500 ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಹಾಕಿ ಕಳಿಸಿದ್ದು ಹಿಂದಿ, ಮರಾಠಿ ಬಲ್ಲ ಚಾಲಕರನ್ನು. ಅವರು ಸಭ್ಯರು, ಅವರ ಮೇಲೆ ನಮ್ಮ ದೂರಿಲ್ಲ. ಆದರೆ ಮಾಟುಂಗ, ಡೊಂಬಿವಲಿ, ಮುಲುಂಡ್ ಎಂದು ಇಷ್ಟೊಂದು ಕನ್ನಡಿಗರಿರುವ ಊರಿನಲ್ಲಿ ಮೂರು ದಿನಕ್ಕೆ ಒಬ್ಬರು ಸಿಗಲಿಲ್ಲ ಎಂದರೆ ನಂಬುವುದು ಕಷ್ಟ.

ಭಾನುವಾರ ಕಾನ್ಹೇರಿಯಲ್ಲಿ ಎರಡು ಟಿಕೆಟ್ ಬೇಕಾಗುತ್ತವೆ: ಉದ್ಯಾನದ ಗೇಟಿನಲ್ಲಿ ಅರಣ್ಯ ಇಲಾಖೆಯದು, ಒಳಗೆ ಗುಹೆಗಳ ಬಳಿ ಪುರಾತತ್ವ ಇಲಾಖೆಯದು. ಎರಡನೆಯದನ್ನು ಅಕ್ಕ-ಭಾವ ಅವರೇ ಕೊಂಡರು, ತಲಾ ₹25. ಸಣ್ಣ ಮೊತ್ತ, ನಿಜ. ಆದರೆ ‘ಎಲ್ಲ ಪ್ರವೇಶ ಶುಲ್ಕ ಸೇರಿ’ ಎಂದು ಬರೆದವರು ನೀವು. ಅಂದು ಸಂಜೆಯ ಕಾರ್ಯಕ್ರಮ ‘ಸೀ ಲಿಂಕ್ ಮೇಲೆ ಫೋಟೋಗೆ ನಿಲುಗಡೆ’. ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ಗಾಡಿ ನಿಲ್ಲಿಸುವುದು ನಿಷಿದ್ಧ. ಸೇತುವೆಯ ಚಿತ್ರ ಬೇಕಾದವರು ಬಾಂದ್ರಾ ಕೋಟೆಗೋ ಬಾಂದ್ರಾ ರಿಕ್ಲಮೇಷನ್‌ನ ಕಡಲ ದಡಕ್ಕೋ ಹೋಗುತ್ತಾರೆ, ಅದೂ ಮಧ್ಯಾಹ್ನ ಇಳಿದ ಮೇಲೆ. ಚಳಿಗಾಲದ ಬೆಳಿಗ್ಗೆ ಗಾಳಿ ಬೀಸದೆ ಧೂಳು-ಹೊಗೆ ಕವಿದು ವರ್ಲಿ ದಡವೇ ಮಸುಕಾಗಿರುತ್ತದೆ.

ಇನ್ನು ನಿಮ್ಮ ಸೂಚನಾ ಹಾಳೆ: ‘ದಪ್ಪ ಸ್ವೆಟರ್, ಮಫ್ಲರ್, ಕೈಗವಸು ಕಡ್ಡಾಯ’. ಶಿಮ್ಲಾ ಪ್ಯಾಕೇಜ್‌ನ ಹಾಳೆಯನ್ನೇ ಇದಕ್ಕೂ ಲಗತ್ತಿಸಿದಂತಿದೆ. ಮುಂಬೈಯ ಡಿಸೆಂಬರ್ ಹಗಲು ಮೂವತ್ತು ಡಿಗ್ರಿಯ ಸುತ್ತಮುತ್ತ ಇರುತ್ತದೆ. ಬೇಕಾಗುವುದು ಟೋಪಿ, ನೀರಿನ ಬಾಟಲಿ. ಅರ್ಧ ಸೂಟ್‌ಕೇಸ್ ಉಣ್ಣೆಯೇ ತುಂಬಿತ್ತು. ಇದಕ್ಕೆ ಹಣ ಕೇಳುತ್ತಿಲ್ಲ.

ಕೇಳುತ್ತಿರುವುದು ಇಷ್ಟು: ಹೋಟೆಲ್ ದರದ ವ್ಯತ್ಯಾಸ ಎರಡು ರಾತ್ರಿಗೆ ₹4,200, ಎಲಿಫೆಂಟಾಕ್ಕೆಂದು ಬಿಲ್ಲಿನಲ್ಲಿ ತಲಾ ₹1,100ರಂತೆ ₹2,200, ಮಾರ್ಗದರ್ಶಿಯ ಮೂರು ದಿನದ ₹4,500, ಕಾನ್ಹೇರಿ ಟಿಕೆಟ್ ₹50. ಒಟ್ಟು ₹10,950. ಈ ದರಗಳೆಲ್ಲ ನಿಮ್ಮ ಬ್ರೋಷರ್ ಮತ್ತು ಬಿಲ್ಲಿನವೇ. ಅವುಗಳ ನಕಲು, ಹೋಟೆಲಿನ ರಸೀದಿ, ಟಿಕೆಟ್‌ಗಳ ಚಿತ್ರ ಈ ಪತ್ರದ ಜೊತೆಗಿವೆ. ಹಣ ಬಂದ ಖಾತೆಗೇ 15 ದಿನದೊಳಗೆ ಹಿಂದಿರುಗಿಸಿ. ‘ಮುಂದಿನ ಪ್ರವಾಸಕ್ಕೆ ಕೂಪನ್’ ಬೇಡ.

ಆಗದಿದ್ದರೆ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ನಂತರ ಠಾಣೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ‘ಬುಕ್ ಮಾಡಿದವರು ಬೇರೆ, ಪ್ರವಾಸ ಮಾಡಿದವರು ಬೇರೆ’ ಎಂಬ ನಿಮ್ಮ ಸಿಬ್ಬಂದಿಯ ಮಾತೂ ನಿಲ್ಲುವುದಿಲ್ಲ, ಏಕೆಂದರೆ ಸೇವೆಯ ಫಲಾನುಭವಿಯೂ ಆ ಕಾಯ್ದೆಯಲ್ಲಿ ಗ್ರಾಹಕನೇ.

ಮತ್ತೊಂದು ವಿಷಯ. ಗಣರಾಜ್ಯೋತ್ಸವದ ರಜೆಗೆಂದು ಜನವರಿ 24ರಿಂದ 26ರವರೆಗಿನ ಪ್ಯಾಕೇಜನ್ನು ಈಗಲೇ ಮಾರುತ್ತಿದ್ದೀರಿ. ಅದರಲ್ಲೂ ಮೂರನೆಯ ದಿನಕ್ಕೆ ಎಲಿಫೆಂಟಾ ಎಂದೇ ಇದೆ. 26 ಕೂಡ ಸೋಮವಾರ. ಹಣ ಕಟ್ಟಿದವರಿಗೆ ಹೊಸ ಕಾರ್ಯಕ್ರಮ ಪಟ್ಟಿಯನ್ನು ಈ ವಾರವೇ ಕಳಿಸಿ.

ಇಂತಿ,
ಬುಕಿಂಗ್ ಮಾಡಿದ ಗ್ರಾಹಕ, ಡೊಂಬಿವಲಿ
(ಅಕ್ಕ-ಭಾವ ಅವರ ಒಪ್ಪಿಗೆಯೊಂದಿಗೆ)