ಇದು ದಾನ ಅಲ್ಲಮ್ಮ

ನ್ಯೂಯಾರ್ಕ್

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ. ಅಪ್ಪನಿಗೂ ಅಜ್ಜಿಗೂ ನಮಸ್ಕಾರ. ನಿನ್ನ ಪತ್ರ ಬಂತು. ಹುಡುಗಿ ಕೆಲಸ ಬಿಟ್ಟು, ಯಾರೋ ಕೊಟ್ಟ ದಾನದಲ್ಲಿ ನಾಟಕಕ್ಕೆ ಹಾಡು ಬರೆಯುತ್ತಿದ್ದಾಳಂತೆ ಅಂತ ಹಾಸನದವರು ಕೇಳಿದರಾ? ಅವರ ಕಿವಿಗೆ ಹಾಕಿದ್ದು ದೊಡ್ಡತ್ತೆಯೇ ಇರಬೇಕು, ಬಿಡು.

ಕೆಲಸ ಬಿಟ್ಟಿಲ್ಲ. ವಾರಕ್ಕೆ ಮೂರು ದಿನ ಮಾಡಿಕೊಂಡಿದ್ದೇನೆ, ಅಷ್ಟೇ. ಗ್ರೀನ್ ಕಾರ್ಡ್ ಇರುವುದರಿಂದ ತೊಂದರೆಯೂ ಇಲ್ಲ.

ಇನ್ನು ದಾನದ ವಿಷಯ. ಇಲ್ಲಿ ಹಾಡು-ನಾಟಕ ಬರೆದ ತಕ್ಷಣ ಟಿಕೆಟ್ ಮಾರುವುದಿಲ್ಲ. ವರ್ಷಗಟ್ಟಲೆ ತಿದ್ದಬೇಕು. ಮೊದಲು ನಟರು ಕೈಯಲ್ಲಿ ಹಾಳೆ ಹಿಡಿದು, ಒಂದು ಪಿಯಾನೋ ಜೊತೆ ಹಾಡಿ ತೋರಿಸುತ್ತಾರೆ. ಪರದೆ ಇಲ್ಲ, ವೇಷ ಇಲ್ಲ. ಆದರೂ ನಟರಿಗೆ, ಪಿಯಾನೋದವರಿಗೆ, ಜಾಗಕ್ಕೆ ದುಡ್ಡು ಬೇಕು. ಬರೆಯುವವರ ಹೊಟ್ಟೆ ಬೇರೆ! ಅಜ್ಜಿ ಈಗಲೂ ಗುಬ್ಬಿ ಕಂಪನಿ ಹಾಡು ಹೇಳುತ್ತಾಳಲ್ಲ, ಅದನ್ನು ಬರೆದವರು ಉಪವಾಸ ಕೂತು ಬರೆದರಾ?

ಎಡ್ವರ್ಡ್ ಕ್ಲೆಬನ್ ಅಂತ ಒಬ್ಬರಿದ್ದರು. ‘ಎ ಕೋರಸ್ ಲೈನ್’ ಅನ್ನುವ ಹಾಡು-ನಾಟಕಕ್ಕೆ ಹಾಡು ಬರೆದವರು. 1987ರಲ್ಲಿ ತೀರಿಕೊಂಡರು. ತಮ್ಮ ದುಡ್ಡು ಹೊಸದಾಗಿ ಬರೆಯುವವರಿಗೆ ಹೋಗಲಿ ಅಂತ ಉಯಿಲು ಬರೆದಿಟ್ಟಿದ್ದರು. ಆ ದುಡ್ಡಿನಿಂದ ಕೊಡುವ ಬಹುಮಾನ ಒಂದು ಲಕ್ಷ ಡಾಲರ್, ಎರಡು ವರ್ಷದಲ್ಲಿ ಕೊಡುತ್ತಾರೆ. ನನಗೆ ಸಿಕ್ಕಿದ್ದು ಅದಲ್ಲ, ಯಾರ ಹತ್ತಿರವೂ ಹೇಳಿಕೊಂಡು ಬರಬೇಡ. ನನ್ನದು ಸಣ್ಣ ಟ್ರಸ್ಟಿನ ಗ್ರಾಂಟ್, ಅಂದರೆ ಸಹಾಯಧನ, ಬಾಡಿಗೆಗೆ ಸಾಕಾಗುತ್ತದೆ. ಇಲ್ಲಿ ಕೊಡುವವರು ಜಾಸ್ತಿ. ಥಿಯೇಟರ್ ಸೀಟುಗಳ ಮೇಲೂ ಕೊಟ್ಟವರ ಹೆಸರು, ನಮ್ಮ ದೇವಸ್ಥಾನದ ಟ್ಯೂಬ್‌ಲೈಟಿನ ಹಾಗೆ.

ಜೊನಾಥನ್ ಲಾರ್ಸನ್ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದುಕೊಂಡು ‘ರೆಂಟ್’ ಅನ್ನುವ ಹಾಡು-ನಾಟಕ ಬರೆದ. ಸಂಗೀತಗಾರ ರಿಚರ್ಡ್ ರಾಜರ್ಸ್ ಇಟ್ಟ ನಿಧಿಯಿಂದ 1994ರಲ್ಲಿ ಅದಕ್ಕೆ ಸಹಾಯ ಸಿಕ್ಕಿತು. ಆಮೇಲೆ ಬ್ರಾಡ್‌ವೇಯಲ್ಲಿ, ಅಂದರೆ ಇಲ್ಲಿನ ದೊಡ್ಡ ಥಿಯೇಟರುಗಳ ಕಡೆ, 12 ವರ್ಷ ಓಡಿತು! ಪಾಪ, ನೋಡುವುದಕ್ಕೆ ಅವನೇ ಇರಲಿಲ್ಲ. 1996ರ ಜನವರಿಯಲ್ಲಿ, ಮೊದಲ ಪ್ರದರ್ಶನ ಇದ್ದ ದಿನ ಬೆಳಗಿನ ಜಾವ ಹೋಗಿಬಿಟ್ಟ. 35 ವಯಸ್ಸು. ಈಗ ಅವನ ಹೆಸರಿನಲ್ಲೂ ಹೊಸಬರಿಗೆ ಗ್ರಾಂಟ್ ಕೊಡುತ್ತಾರೆ.

ಇದನ್ನು ಓದಿ ಈಗ ನನ್ನ ಆರೋಗ್ಯದ ಚಿಂತೆ ಶುರು ಮಾಡಬೇಡಮ್ಮ. ಅವನದು ಹೃದಯದ ರಕ್ತನಾಳದ ತೊಂದರೆ. ನಾನು ಚೆಕಪ್ ಮಾಡಿಸಿದ್ದೇನೆ, ಎಲ್ಲ ನಾರ್ಮಲ್. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ. ರಾಗಿ ಹಿಟ್ಟೂ ಸಿಗುತ್ತದೆ. ದುಡ್ಡೂ ಇದೆ, ನಿಜವಾಗಲೂ ಇದೆ.

ಹಾಸನದವರಿಗೆ ಹುಡುಗಿಗೆ ಸಂಬಳವೂ ಇದೆ, ಮೇಲೆ ಗ್ರಾಂಟೂ ಇದೆ ಅಂತ ಹೇಳು. ಒಪ್ಪಲಿಲ್ಲವಾ, ಬಿಡು. ರಿಹರ್ಸಲ್‌ಗೆ ಹೊತ್ತಾಯಿತು, ಟ್ರೈನ್ ತಪ್ಪುತ್ತದೆ. ಅಪ್ಪನ ಬಿಪಿ ಮಾತ್ರೆ ನೋಡಿಕೋ.

ನಿನ್ನ ಮಗಳು,
ಸುಮಾ