ಫೋನ್ ನಂಬರ್ ಸಂಘದ್ದಿರಲಿ

ಸಂಪಾದಕರೇ,

ಹಳ್ಳಿಯ ಹೆಂಗಸರು ಸಂಘ ಕಟ್ಟಿಕೊಂಡು ನಡೆಸುವ ಹೋಂಸ್ಟೇಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ಒಬ್ಬ ಸದಸ್ಯೆಯ ಮೊಬೈಲ್ ನಂಬರ್ ಹಾಕಿದ್ದೀರಲ್ಲ, ಅದನ್ನು ನೋಡಿ ಎದೆ ಝಲ್ಲೆಂದಿತು. ಯಾಕೆ ಅಂತ ಹೇಳುತ್ತೇನೆ.

ಇಂಥದ್ದೇ ಒಂದು ಸಂಘದಲ್ಲಿ ನಾನು 9 ವರ್ಷ ಲೆಕ್ಕ ಬರೆದವಳು. ಒಟ್ಟು 14 ಮನೆ. ನಮ್ಮ ಜೀವವೆಲ್ಲ ಒಂದು ಸರದಿ ಪುಸ್ತಕದಲ್ಲಿತ್ತು. ಅತಿಥಿಗಳು ಬಂದರೆ ಪುಸ್ತಕ ತೆಗೆದು, ಮುಂದಿನ ಸರದಿ ಯಾರದೋ ಆ ಮನೆಗೆ ಕಳಿಸುವುದು. ಬಂದ ಹಣದಲ್ಲಿ ಒಂದು ಪಾಲು ಸಂಘದ ನಿಧಿಗೆ. ಒಬ್ಬರ ಸೂರು ಸೋರಿದರೆ, ಇನ್ನೊಬ್ಬರ ಬಚ್ಚಲಿನ ನಲ್ಲಿ ಕೆಟ್ಟರೆ ಅದರಿಂದಲೇ ಖರ್ಚು. ಕೊಡಲು ಕೋಣೆಯೇ ಇಲ್ಲದ ಸದಸ್ಯೆಯರು ಚಾದರ ಒಗೆಯುತ್ತಿದ್ದರು, ಅತಿಥಿಗಳಿಗೆ ದಾರಿ ತೋರಿಸುತ್ತಿದ್ದರು. ಅವರ ಕೂಲಿಯೂ ಅಲ್ಲಿಂದಲೇ.

ಆಮೇಲೆ ನಮ್ಮ ಬಗ್ಗೆಯೂ ಒಂದು ಲೇಖನ ಬಂತು. ಯಾವ ಪತ್ರಿಕೆ ಅನ್ನೋದು ಬೇಡ. ಒಬ್ಬ ಸದಸ್ಯೆಯ ಫೋಟೊ, ಕೆಳಗೆ ಅವಳ ನಂಬರ್. ಒಳ್ಳೆಯ ಮಾತುಗಾತಿ, ಅವಳ ತಪ್ಪೇನೂ ಇಲ್ಲ. ಫೋನ್ ಮಾಡಿದವರೆಲ್ಲ ‘ಆ ಅಕ್ಕನ ಮನೆಯೇ ಬೇಕು’ ಎಂದರು. ಮೊದಲ ತಿಂಗಳು ಅವಳೇ ಸಂಘಕ್ಕೆ ತಿಳಿಸಿ ಬೇರೆ ಮನೆಗಳಿಗೆ ಕಳಿಸಿದಳು. ಎರಡನೇ ತಿಂಗಳು ಅವಳ ಗಂಡ ಫೋನ್ ಎತ್ತತೊಡಗಿದ. ಸರದಿಯ ಕತೆ ಅಲ್ಲಿಗೆ ಮುಗಿಯಿತು! ಆರು ತಿಂಗಳಾಗುವಷ್ಟರಲ್ಲಿ, ಊರ ಕೊನೆಯ ಮನೆಯವಳ ಪುಟದಲ್ಲಿ ಒಂದೇ ಒಂದು ಹೆಸರಿಲ್ಲ. ಮಂಚ, ಕಮೋಡು ಅಂತ ಸಂಘದಲ್ಲಿ ಸಾಲ ಮಾಡಿದ್ದವಳು ಅವಳು. ಕಂತು ಕೇಳಲು ನಾನೇ ಹೋಗಬೇಕು. ಯಾವ ಮುಖ ಇಟ್ಟುಕೊಂಡು ಹೋಗಲಿ?

ಕೊನೆಗೆ ಸಭೆ ಕರೆದೆವು. ಸಹಕಾರದಲ್ಲಿ ಒಬ್ಬರಿಗೆ ಒಂದೇ ಮತ. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಒಪ್ಪಿದ 7 ತತ್ವಗಳಲ್ಲಿ ಇದೂ ಸೇರಿದೆ. ಪುಸ್ತಕದಲ್ಲಿ ಓದಿದ್ದ ಆ ಮಾತಿನ ತೂಕ ನನಗೆ ಗೊತ್ತಾದದ್ದು ಅವತ್ತು. ಮನೆ ತುಂಬಾ ಅತಿಥಿಗಳಿದ್ದವಳಿಗೂ ಒಂದು ಮತ, ಖಾಲಿ ಮಂಚದವಳಿಗೂ ಒಂದು ಮತ. ಫೋನ್ ಸಂಘದ ಕೋಣೆಗೆ ಬಂತು. ಹಳೆಯ ಅತಿಥಿ ಮತ್ತೆ ಬಂದರೆ ಮಾತ್ರ ಅವರು ಕೇಳಿದ ಮನೆ, ಅದೂ ಆ ಮನೆಯ ಸರದಿಯ ಲೆಕ್ಕಕ್ಕೇ.

ಸರದಿಯಲ್ಲೂ ಕೊರತೆ ಇದೆ, ಇಲ್ಲವೆನ್ನುವುದಿಲ್ಲ. ಗಲೀಜು ಮನೆಗೂ ಅತಿಥಿ ಹೋಗುತ್ತಾರೆ ಅಲ್ವಾ? ಅದಕ್ಕೇ ತಿಂಗಳಿಗೊಮ್ಮೆ ಇಬ್ಬರು ಹೋಗಿ ಚಾದರ, ಬಚ್ಚಲು, ಬಾಗಿಲ ಚಿಲಕ ನೋಡಿ ಬರುವುದು ಅಂತ ಮಾಡಿದೆವು. ಸರಿಮಾಡುವವರೆಗೆ ಸರದಿ ಇಲ್ಲ. ಹೀಗೆ ಸರದಿ ತಪ್ಪಿದ ನನ್ನ ನಾದಿನಿ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದಳು.

ಇದೇನೂ ನಾವೇ ಕಂಡುಹಿಡಿದದ್ದಲ್ಲ. ಗ್ರೀಸ್‌ನ ಲೆಸ್ಬೋಸ್ ದ್ವೀಪದಲ್ಲಿ ಪೆಟ್ರಾ ಅಂತ ಒಂದು ಹಳ್ಳಿ. ತಮ್ಮ ಮನೆಯ ಕೋಣೆಗಳನ್ನು ಪ್ರವಾಸಿಗರಿಗೆ ಕೊಡಲು ಅಲ್ಲಿನ ಹೆಂಗಸರು 1983ರಲ್ಲೇ ಸಹಕಾರ ಸಂಘ ಕಟ್ಟಿದ್ದರು. ಲಡಾಖ್‌ನಲ್ಲಿ ಹಿಮಚಿರತೆ ಕುರಿ ಹಿಡಿಯುತ್ತದೆ ಎಂಬ ಸಿಟ್ಟು ತಗ್ಗಲಿ ಅಂತ ಶುರುವಾದ ಹೋಂಸ್ಟೇಗಳಲ್ಲೂ ಸರದಿ ಪದ್ಧತಿಯೇ ನಡೆದು ಬಂದಿದೆ.

ಫೋಟೊ ಯಾರದನ್ನಾದರೂ ಹಾಕಿ, ಬೇಡವೆನ್ನುವುದಿಲ್ಲ. ನಂಬರ್ ಮಾತ್ರ ಸಂಘದ್ದಿರಲಿ. ನೀವು ಬರೆದ ಸಂಘಕ್ಕೂ ಒಂದು ಕಚೇರಿ ಇದೆ ಅಂತ ಅದೇ ಬರಹದಲ್ಲಿದೆ. ಬರುವ ಭಾನುವಾರವೇ ಒಂದು ತಿದ್ದುಪಡಿ ಹಾಕಿದರೆ, ಇನ್ನೂ ಹೊತ್ತು ಮೀರಿಲ್ಲ.

ಇಂತಿ,
ಮಹಿಳಾ ಸಹಕಾರ ಸಂಘವೊಂದರ ಮಾಜಿ ಕಾರ್ಯದರ್ಶಿ